ಎಡಗಡೆಯ ಗಂಟು

ಭೋರ್ ಎಂಬ ಮರಾಠಿ ಊರಿನ ಹೊರಗೆ, ಘಾಟಿನ ಕಡೆ ಹೋಗುವ ರಸ್ತೆಯಲ್ಲಿ, ನನ್ನ ಅಕ್ಕ ಮತ್ತು ಭಾವನ ಎಮ್ಮೆಗಳ ಕೊಟ್ಟಿಗೆ ಇದೆ. ಅದರ ಪಕ್ಕದ ತಗಡಿನ ಶೆಡ್ಡಿನಲ್ಲಿ ಹುಲ್ಲು ಕಟ್ಟುವ ಒಂದು ಹಳೆಯ ಯಂತ್ರ ನಿಂತಿರುತ್ತದೆ. ಬೇಲರ್. ಟ್ರ್ಯಾಕ್ಟರಿನ ಹಿಂದೆ ಹೂಡಿ ಎಳೆದರೆ ಅದು ಗದ್ದೆಯಲ್ಲಿ ಸಾಲಾಗಿ ಬಿದ್ದ ಭತ್ತದ ಹುಲ್ಲನ್ನು ಬಾಚಿ ಒಳಗೆಳೆದುಕೊಂಡು, ಗುದ್ದಿ ಗುದ್ದಿ ಟ್ರಂಕಿನ ಆಕಾರಕ್ಕೆ ತಂದು, ಎಡಕ್ಕೊಂದು ಬಲಕ್ಕೊಂದು ಸುತಳಿ ಬಿಗಿದು ಹಿಂದಿನಿಂದ ಹೊರಗೆ ತಳ್ಳುತ್ತದೆ. ಎರಡೂ ಸುತಳಿಗೆ ಗಂಟು ಬಿದ್ದರೆ ಬೇಸಿಗೆಯವರೆಗೂ ಒಟ್ಟಿಡಬಹುದಾದ ಕಟ್ಟು. ಒಂದಕ್ಕೆ ಬೀಳದಿದ್ದರೆ ಮತ್ತೆ ಬರೀ ಹುಲ್ಲು, ಅದೂ ನಡುವೆ ಸುತಳಿ ಸಿಕ್ಕಿಕೊಂಡ ಹುಲ್ಲು.

ಭಾವ ಕಾರ್ಖಾನೆಯೊಂದರ ಕೆಲಸದಿಂದ ನಿವೃತ್ತರಾದ ಮೇಲೆ, ಯಾರು ಬೇಡವೆಂದರೂ ಕೇಳದೆ, ಈ ಯಂತ್ರ ತಂದರು. ಅಕ್ಕ ಅದನ್ನು ಪಟ್ಟದ ಆನಿ ಎನ್ನುತ್ತಾಳೆ. "ತಿನ್ನೂದು ಭಾಳ, ದುಡಿಯೂದು ವರ್ಷಕ್ಕ ನಾಕು ದಿನ." ಕಳೆದ ದೀಪಾವಳಿಯಾದ ಮೇಲೆ ಆ ನಾಲ್ಕು ದಿನ ಶುರುವಾದಾಗ ಅದು ಸರಿಯಾಗಿ ದುಡಿಯಲಿಲ್ಲ. ನಾನು ಕೋಥರೂಡದ ನನ್ನ ಮನೆಯಿಂದ ಬಸ್ಸು ಹಿಡಿದು ಅಲ್ಲಿಗೆ ಹೋದ ಬೆಳಿಗ್ಗೆ ಅಕ್ಕ ಚಹಾ ಕೊಡುವುದಕ್ಕೂ ಮೊದಲೇ ತೀರ್ಮಾನ ಹೇಳಿದಳು:

"ನಾಳೆ ಗುಜರಿಯವಗ ಬರಲಿಕ್ಕೆ ಹೇಳೀನಿ. ಇವತ್ತು ಹುಲ್ಲು ಕಟ್ಟಿ ಒಳಗ ಬಂತಂದ್ರ ಇದು ಇರ್ತದ. ಇಲ್ಲಂದ್ರ ಇಲ್ಲ. ಮ್ಯಾಲ ಮಾಡ ನೋಡಿಯಿಲ್ಲ?"

ನೋಡಿದ್ದೆ. ಘಾಟಿನ ಮೇಲೆ ಆ ತಿಂಗಳಲ್ಲಿ ಇರಬಾರದಂಥ ಮೋಡ. ಹುಲ್ಲು ನೆನೆದರೆ ಬೂಸು ಹಿಡಿಯುತ್ತದೆ, ಬೂಸು ಹಿಡಿದದ್ದನ್ನು ಎಮ್ಮೆ ಮೂಸಿಯೂ ನೋಡುವುದಿಲ್ಲ. ಭಾವ ಬಿಸಿ ಚಹಾವನ್ನು ಬಸಿಗೆ ಸುರಿದು ಊದುತ್ತಿದ್ದರು.

ಗದ್ದೆಗೆ ಹೋದೆವು. ಭಾವ ಟ್ರ್ಯಾಕ್ಟರಿನ ಮೇಲೆ, ನಾನು ಮತ್ತು ಅಕ್ಕ ಹಿಂದೆ ನಡೆಯುತ್ತ. ಮೊದಲ ಕಟ್ಟು ಹೊರಬಂದು ನೆಲಕ್ಕೆ ಬೀಳುತ್ತಲೇ ಎಡಗಡೆ ಬಿಚ್ಚಿಕೊಂಡಿತು. ಎರಡನೆಯದೂ ಹಾಗೇ. ಮೂರನೆಯದು ಒಂದು ಕ್ಷಣ ಆಸೆ ತೋರಿಸಿ ಬಿಚ್ಚಿಕೊಂಡಿತು. ಬಲಗಡೆ ಮಾತ್ರ ಪ್ರತಿ ಸಲವೂ ಅಚ್ಚುಕಟ್ಟಾದ ಗಂಟು.

"ಸುತಳೀನ ಸರಿ ಇಲ್ಲ," ಎಂದು ಭಾವ ಎಡಗಡೆಗೆ ಹೊಸ ಉಂಡೆ ಹಾಕಿದರು. ಏನೂ ಬದಲಾಗಲಿಲ್ಲ.

"ಹೋದ ವರ್ಷನೂ ಇದ ಕಡೀಗೆ ಆಗಿತ್ತಲ್ರೀ," ಎಂದಳು ಅಕ್ಕ. "ಆ ಸ್ಪ್ರಿಂಗ್ ಬಿಗಿ ಮಾಡಿದ್ರಿ, ಸರಿ ಹೋತು."

ಅದು ಸುತಳಿಯ ತುದಿಯನ್ನು ಹಿಡಿದಿಡುವ ಹಲ್ಲಿನ ಬಿಲ್ಲೆಯ ಸ್ಪ್ರಿಂಗ್. ಭಾವ ಹೌದು ಹೌದು ಎಂದು ತಲೆಯಾಡಿಸಿ ಅದರ ನಟ್ಟಿಗೆ ಪಾನಾ ಹಾಕಿ ಅರ್ಧ ಸುತ್ತು ಬಿಗಿದರು. ನನಗೂ ಅದು ನೆನಪಿತ್ತು. ಭಾವ ಯಂತ್ರದ ಮೇಲೆ ಬಗ್ಗಿದ್ದಾರೆ, ನಾನು ಕೆಳಗಿನಿಂದ ಒಂದು ಕೈಯಲ್ಲಿ ಪಾನಾ ಕೊಡುತ್ತಿದ್ದೇನೆ, ಇನ್ನೊಂದು ಕೈಯಲ್ಲಿ ಬಿಚ್ಚಿದ ಕೊಡೆ. ಚಿತ್ರ ಎಷ್ಟು ಸ್ಪಷ್ಟವಾಗಿತ್ತೆಂದರೆ ಕೊಡೆಯ ಮುರಿದ ಕಡ್ಡಿಯೂ ಕಾಣುತ್ತಿತ್ತು. ಆ ಕೊಡೆಯೇ ನನ್ನನ್ನು ತಡೆಯಿತು. ಮಳೆಯಲ್ಲಿ ಯಾರೂ ಹುಲ್ಲು ಕಟ್ಟುವುದಿಲ್ಲ. ಅದು ಇನ್ಯಾವುದೋ ದಿನ, ಇನ್ಯಾವುದೋ ರಿಪೇರಿ, ಬಹುಶಃ ನೀರಿನ ಪಂಪಿನದು. ನನ್ನ ತಲೆ ಎರಡನ್ನೂ ಸೇರಿಸಿ ಹೊಲಿದುಬಿಟ್ಟಿತ್ತು. ಕಾಲೇಜಿನಲ್ಲಿ ಇತಿಹಾಸ ಕಲಿಸಿದವಳು ನಾನು. ಮೂರು ಜನ ಒಂದೇ ನೆನಪು ಹೇಳಿದರೆ ಮೂರು ಸಾಕ್ಷಿ ಸಿಕ್ಕಂತಾಗುವುದಿಲ್ಲ, ಒಬ್ಬರು ಹೇಳಿದ್ದನ್ನು ಇನ್ನಿಬ್ಬರು ಕೇಳಿಸಿಕೊಂಡಿರಲೂಬಹುದು. ಯಂತ್ರ ನಡೆಸಿದರೆ ಎಡಗಡೆ ಮೊದಲಿನ ಹಾಗೇ ಬಿಚ್ಚಿಕೊಂಡಿತು.

"ಭಾವಾ, ಇನ್ನ ಯಾವ ನಟ್ಟೂ ಮುಟ್ಟಬ್ಯಾಡ್ರಿ," ಎಂದೆ. "ಟ್ರ್ಯಾಕ್ಟರ್ ಬಂದ್ ಮಾಡ್ರಿ. ಕೀಲಿ ನನ್ನ ಕೈಯಾಗ ಕೊಡ್ರಿ."

"ಪ್ರೊಫೆಸರ್ ಮೇಡಂ ಕ್ಲಾಸ್ ಚಾಲೂ ಮಾಡಿದ್ರು," ಎಂದರು ಭಾವ. ಆದರೆ ಕೀಲಿ ಕೊಟ್ಟರು.

ಸ್ಪ್ರಿಂಗ್ ಬಿಗಿಯುವ ಮೊದಲು ಬಿಚ್ಚಿಬಿದ್ದಿದ್ದ ಕಟ್ಟುಗಳಿಂದ ನಾನು ಎಡಗಡೆಯ ಸುತಳಿಗಳನ್ನೂ, ಹೋಲಿಸಲು ಬಲಗಡೆಯ ಒಂದನ್ನೂ ಎಳೆದು ತಂದು ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಸಾಲಾಗಿ ಹಾಸಿದೆ. ಬಿಲ್ಲೆ ಸಡಿಲವಾಗಿ ಸುತಳಿ ಜಾರಿಹೋಗಿದ್ದರೆ ತುದಿ ಚಪ್ಪಟೆಯಾಗಿ ಜಜ್ಜಿರಬೇಕು, ನೆಟ್ಟಗಿರಬೇಕು. ಇವು ಹಾಗಿರಲಿಲ್ಲ. ತುದಿಯ ಹತ್ತಿರ ಒಂದೊಂದೂ ಸುರುಳಿ ಸುತ್ತಿತ್ತು, ಹೆರಳು ಬಿಚ್ಚಿದ ಮೇಲೂ ಕೂದಲಲ್ಲಿ ಡೊಂಕು ಉಳಿಯುತ್ತದಲ್ಲ, ಹಾಗೆ. ಸುರುಳಿಯ ಆಚೆ ಯಂತ್ರದ ಚಾಕು ಕೊಯ್ದ ಗುರುತಿಲ್ಲ, ಎಳೆ ಎಳೆಯಾಗಿ ಹರಿದಿತ್ತು.

"ಗಂಟು ಬಿದ್ದದ," ಎಂದೆ. "ಬಿದ್ದ ಮ್ಯಾಲ ಹರದದ."

"ಬಿದ್ದ ಗಂಟು ಎಲ್ಲಿ ಹೋತು ಮತ್ತ?" ಅಕ್ಕ ಕೇಳಿದಳು.

ಅದೇ ಪ್ರಶ್ನೆ. ಯಂತ್ರದ ಮೇಲ್ಭಾಗದಲ್ಲಿ, ಪ್ರತಿ ಸುತಳಿಗೂ ಒಂದರಂತೆ, ಹಕ್ಕಿಯ ಕೊಕ್ಕಿನಂಥ ಉಕ್ಕಿನ ತುಂಡು ಇದೆ. ನಾವು ಕೊಕ್ಕು ಎಂದೇ ಕರೆಯುತ್ತೇವೆ. ಬಿಲ್ಲೆ ಹಿಡಿದಿಟ್ಟ ಸುತಳಿಯನ್ನು ಅದು ಒಂದು ಸುತ್ತು ತಿರುಗಿ ಮೈಗೆ ಸುತ್ತಿಕೊಳ್ಳುತ್ತದೆ, ಬಾಯಿ ತೆರೆದು ತುದಿಗಳನ್ನು ಕಚ್ಚುತ್ತದೆ. ಚಾಕು ಬಂದು ಕೊಯ್ಯುತ್ತದೆ, ಹಿಂದೆಯೇ ಒಂದು ತೋಳು ಬಂದು ಆ ಸುತ್ತನ್ನು ಕೊಕ್ಕಿನಿಂದ ಜಾರಿಸುತ್ತದೆ. ಜಾರಿದರೆ ಗಂಟು. ಜಾರದೆ ಕೊಕ್ಕಿಗೇ ಕಚ್ಚಿಕೊಂಡರೆ, ಹಿಂದೆ ಸರಿಯುವ ಕಟ್ಟು ಎಳೆದೆಳೆದು ಸುತಳಿಯನ್ನು ಹರಿಯುತ್ತದೆ.

ಭಾವ ಯಂತ್ರವನ್ನು ತಿರುಗಿಸುವ ದೊಡ್ಡ ಗಾಲಿಯನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿದರು. ನಾನು ಮೇಲೆ ಹತ್ತಿ, ಕೈ ದೂರ ಇಟ್ಟುಕೊಂಡು ನೋಡುತ್ತ ನಿಂತೆ. ಕೊಕ್ಕು ತಿರುಗಿತು, ಬಾಯಿ ತೆರೆಯಿತು, ಕಚ್ಚಿತು. ಚಾಕು ಕೊಯ್ಯಿತು. ತೋಳು ಬಂತು, ಸವರಿತು, ಹೋಯಿತು. ಸುತಳಿ ಅಲ್ಲೇ ಕೂತಿತ್ತು.

"ನಿಲ್ಲಸ್ರಿ."

ಕೊಕ್ಕು ಹೊಳೆಯುತ್ತಿತ್ತು. ಬಲಗಡೆಯದಕ್ಕಿಂತ ಚೊಕ್ಕವಾಗಿ, ಹೊಸದರಂತೆ. ಬೆಳಿಗ್ಗೆಯಿಂದ ಮೂವರೂ ಅದನ್ನು ನೋಡಿದ್ದೆವು, ಅದು ಹೊಳೆಯುತ್ತಿದ್ದುದರಿಂದಲೇ ಅದನ್ನು ಬಿಟ್ಟು ಬೇರೆಲ್ಲ ಹುಡುಕಿದ್ದೆವು. ಸುತಳಿ ಬಿಡಿಸಿ ಬೆರಳಿನಿಂದ ಸವರಿದೆ. ಉಕ್ಕಿನ ನುಣುಪು ಇರಲಿಲ್ಲ, ತರಿತರಿ. ಹೆಬ್ಬೆರಳಿಗೆ ಬೆಳ್ಳಿಯ ಪುಡಿ ಹತ್ತಿತು.

"ಭಾವಾ, ಇದಕ್ಕ ಬಣ್ಣ ಹಚ್ಚೀರೇನು?"

ಭಾವ ಗಾಲಿ ಬಿಟ್ಟು ಮೇಲೆ ನೋಡಿದರು.

"ಖಂಡೇನವಮಿಗೆ," ಎಂದರು. "ಮೈಗೆಲ್ಲಾ ಹಸರು ಬಣ್ಣ ಆತು. ಗೇಟಿಗೆ ತಂದಿದ್ದ ಬೆಳ್ಳಿ ಬಣ್ಣ ಒಂದೀಟು ಉಳದಿತ್ತು. ಪೂಜಾ ಮಾಡೂ ಮುಂದ ಕೊಕ್ಕು ಬೆಳ್ಳಂಗ ಕಾಣ್ಲಿ ಅಂತ..."

"ಬಲಗಡೀಕ?"

"ಅಲ್ಲಿಗೆ ಬರೂದ್ರಾಗ ಡಬ್ಬಿ ಮುಗೀತು."

ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಮ್ಮ ಲಗ್ನದಾಗ ನನಗ ಇಷ್ಟು ಸಿಂಗಾರ ಮಾಡಿರಲಿಲ್ಲ. ಆ ಡಬ್ಬಿ ದೊಡ್ಡದಿದ್ರ ಎರಡೂ ಕಡೆ ಕೆಡ್ತಿತ್ತು, ಪುಣ್ಯ!"

ನಮ್ಮಲ್ಲಿ ಖಂಡೇನವಮಿಯ ದಿನ ಈಳಿಗೆಯಿಂದ ಹಿಡಿದು ಸ್ಕೂಟರಿನವರೆಗೆ ಎಲ್ಲವನ್ನೂ ತೊಳೆದು ಅರಿಶಿನ ಕುಂಕುಮ ಹಚ್ಚಿ ಹೂ ಏರಿಸುತ್ತೇವೆ. ಆ ಹಬ್ಬಕ್ಕೆ ನಾನೂ ಹೋಗಿದ್ದೆ. ಭಾವ ಬ್ರಷ್ ಹಿಡಿದದ್ದನ್ನು ನೋಡಿದ್ದೆನೇ? ಆಮೇಲೆ ಡೈರಿ ತೆಗೆದು ನೋಡಿದೆ. ಹೋಳಿಗೆಯ ಬಗ್ಗೆ ಇದೆ, ವಾಪಸು ಬರುವಾಗಿನ ಬಸ್ಸಿನ ನೂಕುನುಗ್ಗಲಿನ ಬಗ್ಗೆ ಇದೆ. ಬಣ್ಣದ ಸುದ್ದಿಯೇ ಇಲ್ಲ.

ತಪ್ಪು ಗೊತ್ತಾದ ಮೇಲೂ ಅವಸರ ಮಾಡುವಂತಿರಲಿಲ್ಲ. ಭಾವ ಜೇಬಿನಿಂದ ಚಾಕು ತೆಗೆದರು, ನಾನು ಬೇಡವೆಂದೆ. ಕೊಕ್ಕಿನ ಮೇಲೆ ಗೀರು ಬಿದ್ದರೆ ಸುತಳಿ ಆ ಗೀರಿಗೇ ಸಿಕ್ಕಿಕೊಳ್ಳುತ್ತದೆ. ಅಕ್ಕ ಕೊಟ್ಟಿಗೆಗೆ ಹೋಗಿ ಹಾಲಿನ ಕ್ಯಾನು ತಿಕ್ಕುವ ಸ್ಟೀಲಿನ ಜುಂಗು ತಂದಳು. ಅದನ್ನು ಡೀಸೆಲ್ಲಿನಲ್ಲಿ ಅದ್ದಿ ಮೆಲ್ಲಗೆ ತಿಕ್ಕಿದೆ. ಸಂದಿಯಲ್ಲಿ ಉಳಿದದ್ದಕ್ಕೆ ಸುತಳಿಯನ್ನೇ ಡೀಸೆಲ್ಲಿನಲ್ಲಿ ನೆನೆಸಿ ಕೊಕ್ಕಿಗೆ ಒಂದು ಸುತ್ತು ಹಾಕಿ, ಎರಡೂ ತುದಿ ಹಿಡಿದು, ಮಜ್ಜಿಗೆ ಕಡೆಯುವ ಹಗ್ಗದ ಹಾಗೆ ಎಳೆದು ಬಿಟ್ಟು ಎಳೆದು ಬಿಟ್ಟು ಮಾಡಿದೆ. ಬೆಳ್ಳಿ ಬಣ್ಣ ಬೂದಿಯ ನೀರಾಗಿ ಇಳಿಯಿತು. ಕೆಳಗಿನಿಂದ ಮಾಸಲು ಬಣ್ಣದ, ನುಣುಪಾದ ಹಳೆಯ ಉಕ್ಕು ಬಂತು. ಭಾವ ಪಕ್ಕದಲ್ಲೇ ನಿಂತು ಬಟ್ಟೆ ಕೊಡುತ್ತಿದ್ದರು, ಘಾಟಿನ ಕಡೆ ತಿರುಗಿ ನೋಡುತ್ತಿದ್ದರು.

ಟ್ರ್ಯಾಕ್ಟರ್ ಮತ್ತೆ ಹೊರಟಿತು. ಮೊದಲ ಕಟ್ಟು ಹೊರಬಂತು. ಎಡಗಡೆ ಬಿಚ್ಚಿಕೊಂಡಿತು.

ಅಕ್ಕ ನನ್ನ ಮುಖ ನೋಡಿದಳು. ನಾನು ಸುತಳಿಯ ತುದಿ ನೋಡಿದೆ. ಈ ಸಲ ಸುರುಳಿ ಇರಲಿಲ್ಲ. ತುದಿ ನೆಟ್ಟಗಿತ್ತು, ಚಪ್ಪಟೆಯಾಗಿ ಜಜ್ಜಿ ತುಂಡಾಗಿತ್ತು. ಗಂಟು ಬೀಳುವ ಮೊದಲೇ ಬಿಲ್ಲೆ ಅದನ್ನು ಅಗಿದುಹಾಕಿತ್ತು.

"ಭಾವಾ, ಆ ಸ್ಪ್ರಿಂಗಿನ ಅರ್ಧ ಸುತ್ತು ತಿರುಗಿ ಸಡ್ಲ ಮಾಡಿದ್ರೋ ಇಲ್ಲೋ?"

"ಮಾಡೀನಲ್ಲ! ನೀ ಡೀಸೆಲ್ ಹಚ್ಚೂ ಮುಂದನ ಮಾಡೀನಿ. ಚಲೋ ನೆನಪದ ನನಗ."

"ಸುತಳಿ ಮಾತ್ರ, ‘ಇಲ್ಲ’ ಅನ್ಲಿಕತ್ತದ."

ಭಾವ ಇಳಿದು ಬಂದು, ನಟ್ಟಿನ ಮೇಲೆ ಬಿಗಿದಾಗಿನ ಪಾನಾದ ಗುರುತೊಂದೇ ಇರುವುದನ್ನು ನೋಡಿ, ಅರ್ಧ ಸುತ್ತು ಸಡಿಲಿಸಿದರು. ಅವರು ಸುಳ್ಳು ಹೇಳಲಿಲ್ಲ ಎಂಬುದು ನನಗೆ ಗೊತ್ತು. ಮಾಡಬೇಕು ಎಂದುಕೊಂಡದ್ದು ಮಾಡಿದ್ದೇನೆ ಎಂದಾಗಲು ಎಷ್ಟು ಹೊತ್ತು ಬೇಕು? ನನ್ನ ಕೊಡೆಯೂ ಅಂಥದ್ದೇ.

ಮುಂದಿನ ಕಟ್ಟು ನೆಲಕ್ಕೆ ಬಿದ್ದು, ಒಂದು ಪಲ್ಟಿ ಹೊಡೆದು, ಹಾಗೇ ಕೂತಿತು. ಅಕ್ಕ ಹೋಗಿ ಕಾಲಿನಿಂದ ಒದ್ದು ನೋಡಿದಳು. ಎಡಗಡೆ ಗಂಟು ಬಿದ್ದಿತ್ತು, ಎರಡು ಗಿಡ್ಡ ತುದಿಗಳು ಸಮನಾಗಿ ನಿಂತಿದ್ದವು. ಅದರ ಮುಂದಿನದೂ ನಿಂತಿತು. ಆಮೇಲೆ ಯಂತ್ರ ನಿಲ್ಲಲಿಲ್ಲ. ಬಿಚ್ಚಿಬಿದ್ದಿದ್ದ ಹುಲ್ಲನ್ನೂ ನಾನು ಮತ್ತು ಅಕ್ಕ ಸುತಳಿ ಆಯ್ದು ತೆಗೆದು ಮತ್ತೆ ಸಾಲಿಗೆ ಎಳೆದು ಹಾಕಿದೆವು. ಸಂಜೆಯ ಹೊತ್ತಿಗೆ ದಪ್ಪ ಹನಿ ಶುರುವಾದಾಗ ಗದ್ದೆಯ ಆ ತುದಿಯ ಎರಡು ಸಾಲು ಮಾತ್ರ ಉಳಿದಿತ್ತು. ಅವು ನೆನೆದವು. ಉಳಿದದ್ದೆಲ್ಲ ತಗಡಿನ ಕೆಳಗೆ ಬಂತು.

ಈಗ ಈ ಕತೆಯನ್ನು ಭಾವ ಹೇಳಿದರೆ ಕೊಕ್ಕನ್ನು ಮೊದಲು ಅನುಮಾನಿಸಿದವರು ಅವರೇ. ಅಕ್ಕ ಹೇಳಿದರೆ ಜುಂಗು ಬರುವವರೆಗೂ ಯಾರಿಗೂ ಏನೂ ತಿಳಿದಿರಲಿಲ್ಲ. ನಾನು ಬರೆದಿರುವುದು ನನ್ನದು. ಯಾರ ಮಾತು ಮೊದಲು ಬಂತು ಎಂಬಲ್ಲಿ ನಾನು ಜಾರಿರಬಹುದು. ಬಾನೆಟ್ಟಿನ ಮೇಲೆ ಹಾಸಿದ ಸುತಳಿಗಳ ಮಟ್ಟಿಗೆ ನನಗೆ ಸಂಶಯವಿಲ್ಲ.

ಆ ಸಂಜೆ ಶೆಡ್ಡಿನಲ್ಲಿ, ತಲೆಯ ಮೇಲೆ ತಗಡು ಕಿವಿ ಒಡೆಯುವಂತೆ ಸದ್ದು ಮಾಡುತ್ತಿರುವಾಗ, ಅಕ್ಕ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಗುಜರಿಯವನಿಗೆ ಫೋನ್ ಹಚ್ಚಿದಳು. ಭಾವ ಯಂತ್ರದ ಮೇಲಿನ ಹುಲ್ಲು ಕೊಡವುವ ನೆಪದಲ್ಲಿ ಅಲ್ಲೇ ಇದ್ದರು.

"ಭಾಊ, ಉದ್ಯಾ ಯೇಊ ನಕಾ," ಎಂದಳು ಮರಾಠಿಯಲ್ಲಿ. ನಾಳೆ ಬರಬೇಡ. ಅವನೇನೋ ಕೇಳಿರಬೇಕು. ಅಕ್ಕ ಭಾವನ ಕಡೆ ನೋಡಿದಳು, ಮೂಲೆಯಲ್ಲಿ ಬಿದ್ದಿದ್ದ ಬೆಳ್ಳಿ ಬಣ್ಣದ ಖಾಲಿ ಡಬ್ಬಿಯ ಕಡೆ ನೋಡಿದಳು, ಯಂತ್ರ ಕೊಡುವುದಿಲ್ಲ, ಒಂದು ಡಬ್ಬಿ ಇದೆ, ಈ ಕಡೆ ಬಂದಾಗ ಅದನ್ನು ಒಯ್ಯಬಹುದು ಎಂದಳು.