ಬಾಣಲೆ ಮುಂದೆ ನಿಂತವರ ಪಾಲು

ನಮ್ಮ ಮನೆಯಲ್ಲಿ ಬಾಳೆಹಣ್ಣಿನ ಬೋಂಡ ಕರಿಯುವ ದಿನಕ್ಕೆಂದೇ ಒಂದು ಕಾನೂನು ಇದೆ. ಬಾಣಲೆಯಿಂದ ಎದ್ದ ಮೊದಲನೆಯದು ದೇವರಿಗೆ, ಎರಡನೆಯದು ಬಾಣಲೆ ಮುಂದೆ ನಿಂತವರಿಗೆ. ನಡುಮನೆಯಲ್ಲಿ ಕಾಲು ಚಾಚಿ ಕೂತವರ ಸರದಿ ಆಮೇಲೆ. ಈ ಕಾನೂನು ಮಾಡಿದವಳು ನಾನು. ಯಾರನ್ನೂ ಕೇಳಿ ಮಾಡಲಿಲ್ಲ, ಯಾರು ಹೇಳಿದರೂ ತೆಗೆಯುವುದಿಲ್ಲ. ದೇವರ ಪಾಲಿನ ಬಗ್ಗೆ ನನಗೆ ತಕರಾರಿಲ್ಲ. ಕೊಟ್ಟ ಒಂದಕ್ಕೆ ಅವನು ಸುಮ್ಮನಿರುತ್ತಾನೆ, "ಇನ್ನೊಂದು ತಟ್ಟೆ ಬರ್ಲಿ" ಎಂದು ಕೂಗು ಹಾಕುವುದಿಲ್ಲ.

ನೆಂಟರಲ್ಲಿ ಕೆಲವರು ನನ್ನನ್ನು ಬಾಯಿಬಡುಕಿ ಅನ್ನುತ್ತಾರೆಂದು ಗೊತ್ತು. ಅನ್ನಲಿ. ಅವರೂ ಬಂದಾಗ ಬೋಂಡ ತಿಂದೇ ಹೋಗುತ್ತಾರೆ.

ಹಣ್ಣಿನ ಬೋಂಡ ಮೆಣಸಿನಕಾಯಿ ಬೋಂಡದ ಹಾಗಲ್ಲ. ಮೆಣಸಿನಕಾಯಿಯದು ಆರಿದರೂ ಹೇಗೋ ತಿನ್ನಬಹುದು, ಚಟ್ನಿ ಇದ್ದರೆ ಸಂಜೆಗೂ ನಡೆಯುತ್ತದೆ. ಹಣ್ಣು ಹಾಗಲ್ಲ, ಕಾದ ಎಣ್ಣೆಯಲ್ಲಿ ಮೆತ್ತಗಾಗಿ ರಸ ಬಿಡುತ್ತದೆ. ತೆಗೆದ ಕೂಡಲೇ ಹೊರಗೆ ಗರಿಗರಿ, ಒಳಗೆ ಪಾಯಸ. ಸ್ವಲ್ಪ ಹೊತ್ತು ಬಿಟ್ಟರೆ ಆ ರಸವೆಲ್ಲ ಹೊರಗಿನ ಪದರಕ್ಕೆ ಇಳಿದು, ತೊಪ್ಪೆಯಾಗಿ, ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತದೆ. ನಾನು ಮೈದಾಹಿಟ್ಟಿಗೆ ಒಂದು ಹಿಡಿ ಅಕ್ಕಿಹಿಟ್ಟು, ಚೂರು ಚಿರೋಟಿ ರವೆ, ಏಲಕ್ಕಿ, ಚಿಟಿಕೆ ಉಪ್ಪು ಹಾಕಿ, ಕಾದ ಎಣ್ಣೆ ಒಂದು ಚಮಚ ಸುರಿದು ಗಟ್ಟಿಯಾಗಿ ಕಲಸುತ್ತೇನೆ. ಹಿಟ್ಟಿಗೆ ಸಕ್ಕರೆ ಹಾಕುವುದಿಲ್ಲ, ಹಾಕಿದರೆ ಬೇಗ ಕಪ್ಪಾಗುತ್ತದೆ. ಕರಿದ ಮೇಲೆ ಸಕ್ಕರೆ ಪುಡಿ ಉದುರಿಸುತ್ತೇನೆ. ಇಷ್ಟೆಲ್ಲ ಮಾಡಿದರೂ ಆರಿದ ಬೋಂಡದ ಮಾನ ಉಳಿಸಲು ನನ್ನಿಂದ ಆಗಿಲ್ಲ.

ಮಾರುಕಟ್ಟೆಯಲ್ಲಿ ರಸಬಾಳೆ ಮಾರುವ ಹೆಂಗಸಿಗೆ ಈ ವಿಷಯದಲ್ಲಿ ನನ್ನ ಮೇಲೆ ಸಿಟ್ಟು. "ಇಂಥಾ ಹಣ್ಣ ತಗೊಂಡೋಗಿ ಎಣ್ಣೆಗಾಕ್ತೀರಲ್ಲ, ಅಂಗೇ ತಿಂದ್ಬುಡಿ ಕಣ್ರೀ" ಅನ್ನುತ್ತಾಳೆ. ಅವಳ ಮಾತನ್ನೂ ನಾನು ಕೇಳಿಲ್ಲ.

ಮದುವೆಯಾಗಿ ವಿದ್ಯಾರಣ್ಯಪುರಂನ ಈ ಮನೆಗೆ ಬಂದಾಗ ಬಾಣಲೆ ನಮ್ಮತ್ತೆಯ ಕೈಯಲ್ಲಿತ್ತು. ಅವರ ಮಾವ ಅರಮನೆಯ ಉಗ್ರಾಣದಲ್ಲಿ ಕೆಲಸಕ್ಕಿದ್ದವರಂತೆ. ಅರಮನೆಯ ಕೆಲಸ ಹೋಗಿ ಎಷ್ಟೋ ಕಾಲವಾಗಿದ್ದರೂ ಪಂಕ್ತಿಯ ಗತ್ತು ಮಾತ್ರ ಮನೆ ಬಿಟ್ಟು ಹೋಗಿರಲಿಲ್ಲ. ಅಡುಗೆಮನೆ ಹಿಂದುಗಡೆ, ನಡುಮನೆ ಮುಂದುಗಡೆ, ನಡುವೆ ಒಂದು ಉದ್ದನೆಯ ಓಣಿ. ಗಂಡಸರು ಮುಂದೆ ಕೂರುವುದು, ಅತ್ತೆ ಹಿಂದೆ ಕರಿಯುವುದು, ನಾನು ತಟ್ಟೆ ಹಿಡಿದು ಓಣಿಯಲ್ಲಿ ಓಡುವುದು. ನಮ್ಮ ಮಾವ, ಭಾವ, ನನ್ನ ಗಂಡ ಮೂವರೂ ಬೋಂಡವನ್ನು ನಡುವೆ ಮುರಿದು, ಹಬೆ ಹೋಗುವಂತೆ ಊದಿ, ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದರು. ಹಾಗೆ ತಿನ್ನುವುದನ್ನು ತಟ್ಟೆ ಇಡುವಾಗ ನಾನು ನೋಡುತ್ತಿದ್ದೆ. ಅತ್ತೆ ಒಲೆ ಬಿಟ್ಟು ಆ ಕಡೆ ಬರುತ್ತಲೇ ಇರಲಿಲ್ಲ.

ಅತ್ತೆ ತಿನ್ನುತ್ತಿದ್ದುದು ಸಂಜೆ. ಎಲ್ಲರದೂ ಆಗಿ ಉಳಿದದ್ದನ್ನು ಒಂದು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿಡುತ್ತಿದ್ದರು. ಕಾಫಿ ಹೊತ್ತಿಗೆ ಅದರಿಂದ ಒಂದೆರಡು ತೆಗೆದುಕೊಂಡು, ಹಿತ್ತಲ ಮೆಟ್ಟಿಲ ಮೇಲೆ ಕೂತು, ಪತ್ರಿಕೆ ಓದುತ್ತಾ ತಿನ್ನುತ್ತಿದ್ದರು.

ನಾನು ಬಂದ ಹೊಸದರಲ್ಲೇ ಒಂದು ದಿನ ಜಾಲರಿಯಿಂದ ಒಂದನ್ನು ಎತ್ತಿಕೊಂಡು, ಅಲ್ಲೇ ನಿಂತು, ಮುರಿದು ಊದಿ ತಿಂದೆ. ಹಿಟ್ಟು ಕಲಸಿದವಳು ನಾನು, ಹಣ್ಣು ಸೀಳಿದವಳು ನಾನು, ಬೆಂಕಿ ಮುಂದೆ ಬೆವರಿದವಳು ನಾನು. ಮತ್ತಿನ್ಯಾರು ತಿನ್ನಬೇಕಿತ್ತು? ಅತ್ತೆಯ ಕೈಯಲ್ಲಿದ್ದ ಸಟ್ಟುಗ ಅಲ್ಲೇ ನಿಂತಿತು.

"ಬಡಿಸೋಕ್ಮುಂಚೆ ಬಾಯಿಗೆ ಹಾಕ್ಕೊಂಡ್ಬಿಟ್ಯಾ?"

"ದೇವರಿಗೆ ತೆಗೆದಿಟ್ಟಾಯ್ತಲ್ಲ ಅತ್ತೆ."

"ಗಂಡಸರು ಇನ್ನೂ ತಿಂದಿಲ್ಲ ಕಣೇ."

"ಅವರೇನು ದೇವರಿಗಿಂತ ದೊಡ್ಡೋರಾ?"

ಈ ಎದುರುತ್ತರದ ಸುದ್ದಿ ನೆಂಟರ ಮನೆಗಳಿಗೆಲ್ಲ ಮುಟ್ಟಿತು. ಹಬ್ಬಕ್ಕೆ ಬಂದವರೊಬ್ಬರು ನನ್ನನ್ನು ಕೂರಿಸಿಕೊಂಡು ಬುದ್ಧಿ ಹೇಳಿದರು. ನಾನು ತಲೆಯಾಡಿಸಿ ಕೇಳಿಸಿಕೊಂಡೆ, ಮುಂದಿನ ಸಲವೂ ಒಲೆ ಮುಂದೆ ನಿಂತೇ ತಿಂದೆ. ಅದರ ಮುಂದಿನ ಸಲವೂ ತಿಂದೆ. ಕ್ರಮೇಣ ನನ್ನನ್ನು ತಿದ್ದುವ ಉತ್ಸಾಹ ಎಲ್ಲರಿಗೂ ಇಳಿಯಿತು.

ಆದರೆ ನನಗೆ ಬೇಕಾಗಿದ್ದುದು ಅಷ್ಟೇ ಅಲ್ಲ. ಅತ್ತೆ ಒಂದೇ ಒಂದು ಬೋಂಡವನ್ನು ಬಿಸಿಯಿರುವಾಗಲೇ, ಗಂಡಸರ ತಟ್ಟೆಗೆ ಬೀಳುವುದಕ್ಕಿಂತ ಮೊದಲು ತಿನ್ನಬೇಕು ಎಂದು ನನಗೆ ಹಟ ಹುಟ್ಟಿತು. ಪ್ರತಿ ಸಲವೂ "ಒಂದು ತಗೊಳ್ಳಿ ಅತ್ತೆ" ಎಂದು ಮುಂದೆ ಹಿಡಿಯುತ್ತಿದ್ದೆ. ಪ್ರತಿ ಸಲವೂ ಅವರದು ಒಂದೇ ಉತ್ತರ: "ನಂಗೆ ಆರಿದ್ದೇ ಇಷ್ಟ ಕಣೇ."

ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೈದರೆ ತಿರುಗಿ ಬೈಯಬಹುದು, ಶಾಸ್ತ್ರ ಹೇಳಿದರೆ ವಾದ ಹೂಡಬಹುದು. ಇಷ್ಟ ಅಂದುಬಿಟ್ಟವರ ಜೊತೆ ಏನು ಜಗಳ ಮಾಡುವುದು? ಹೋಗಲಿ, ಅವರಿಗೆ ನಿಜವಾಗಿಯೂ ಇಷ್ಟವೇ ಇರಬಹುದೇ ಎಂದರೆ, ಆ ತೊಪ್ಪೆಯನ್ನು ಯಾರಾದರೂ ಇಷ್ಟಪಡುತ್ತಾರೆಂದು ನಂಬಲು ನನ್ನ ನಾಲಿಗೆ ಒಪ್ಪುತ್ತಿರಲಿಲ್ಲ. ನಡುಮನೆಯವರಿಗೆ ಮಾತ್ರ ಈ ಮಾತು ಬಹಳ ಅನುಕೂಲವಾಗಿತ್ತು. "ಅಮ್ಮಂಗೆ ಆರಿದ್ದೇ ಇಷ್ಟ, ಸ್ವಲ್ಪ ಉಳಿಸಿ" ಎಂದು ಭಾವ ದೊಡ್ಡ ಮನಸ್ಸು ಮಾಡಿ ಹೇಳುತ್ತಿದ್ದರು.

ವರ್ಷಗಳು ಹೀಗೇ ಕಳೆದವು. ಮಾವ ತೀರಿಕೊಂಡರು. ಭಾವ ದಟ್ಟಗಳ್ಳಿಯಲ್ಲಿ ಮನೆ ಕಟ್ಟಿಸಿಕೊಂಡು ಹೋದರು, ಭಾನುವಾರ ಅಮ್ಮನನ್ನು ನೋಡಲು ಬರುತ್ತಾರೆ. ಅತ್ತೆಗೆ ಮಂಡಿ ನೋವು ಜೋರಾಗಿ ಬಾಣಲೆ ನನ್ನ ಕೈಗೆ ಬಂತು. ಅವರು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು, ಸೀಳಿದ ಹಣ್ಣನ್ನು ಹಿಟ್ಟಿನಲ್ಲಿ ಅದ್ದಿ ಅದ್ದಿ ಕೊಡುತ್ತಾರೆ. ಈಗಲೂ ಅವರ ಕೈ ತಪ್ಪಿ ಒಂದು ತೊಟ್ಟು ಹಿಟ್ಟು ಕೆಳಗೆ ಬೀಳುವುದಿಲ್ಲ. ಎಣ್ಣೆ ಕಾದಿದೆಯೇ ಎಂದು ನಾನು ಹಿಟ್ಟು ಬಿಟ್ಟು ನೋಡಬೇಕು, ಅವರು ಶಬ್ದ ಕೇಳಿಯೇ ಹೇಳುತ್ತಾರೆ.

ಈಚಿನ ಒಂದು ಭಾನುವಾರ ಊಟವಾದ ಮೇಲೆ ಸಿಹಿಗೆ ಬೋಂಡ ಎಂದು ಮೊದಲೇ ನಿಶ್ಚಯವಾಗಿತ್ತು. ಭಾವ ಬಂದು ಮಾವ ಕೂರುತ್ತಿದ್ದ ಕುರ್ಚಿಯಲ್ಲೇ ಕೂತಿದ್ದರು. ಮೊದಲನೆಯದನ್ನು ದೇವರಿಗೆ ತೆಗೆದಿಟ್ಟೆ. ಎರಡನೆಯದು ಒಳ್ಳೆ ಹೊಂಬಣ್ಣಕ್ಕೆ ಬಂದಿತ್ತು. ಅದು ನನ್ನ ಪಾಲು. ಒಂದು ಚಿಕ್ಕ ತಟ್ಟೆಯಲ್ಲಿಟ್ಟು, ಸಕ್ಕರೆ ಉದುರಿಸಿ, ಅತ್ತೆಯ ಮುಂದೆ ಹಿಡಿದೆ.

"ನಂಗೆ ಆರಿದ್ದೇ—"

"ಗೊತ್ತು. ಇವತ್ತು ಬಿಸೀದು ತಿನ್ನಿ."

"ಹಟ ಮಾಡ್ಬೇಡ ಕಣೇ, ಅಲ್ಲಿ ಕಾಯ್ತಿದಾರೆ."

ಸ್ಟೌ ಆರಿಸಿಬಿಟ್ಟೆ. ಎಣ್ಣೆಯ ಸದ್ದು ನಿಂತಿತು. "ಇದನ್ನ ನೀವು ತಿನ್ನೋವರೆಗೂ ಇನ್ನೊಂದು ಬಾಣಲೆಗೆ ಬೀಳಲ್ಲ" ಅಂದೆ.

ನಡುಮನೆಯಿಂದ ಭಾವನ ಕೂಗು ಬಂತು: "ಏನಮ್ಮ, ಬೋಂಡ ಆಯ್ತಾ?" ನಾನು ತಟ್ಟೆಯನ್ನು ಇನ್ನಷ್ಟು ಮುಂದೆ ಹಿಡಿದೆ. ಅತ್ತೆ ಓಣಿಯ ಕಡೆ ನೋಡಿದರು, ಆರಿದ ಸ್ಟೌ ನೋಡಿದರು, ನನ್ನ ಮುಖ ನೋಡಿದರು. ಅವರಿಗೂ ಸಿಟ್ಟು ಬಂದಿತ್ತು. "ಒಳ್ಳೆ ಪೀಡೆ ಕಣೇ ನೀನು" ಎಂದು ತಟ್ಟೆಯಿಂದ ಬೋಂಡ ಎತ್ತಿ, ಇದೊಂದು ಮುಗಿದರೆ ಸಾಕು ಎನ್ನುವ ಹಾಗೆ ಅರ್ಧಕ್ಕೆ ಕಚ್ಚಿದರು.

ಕಚ್ಚಿದವರು ಚೀರಿ, ಉಳಿದರ್ಧವನ್ನು ತಟ್ಟೆಗೆ ಹಾಕಿಬಿಟ್ಟರು. ಬಾಯಿಗೆ ಕೈ ಅಡ್ಡ ಹಿಡಿದು ಉಸಿರೆಳೆದುಕೊಂಡರು, ಕಣ್ಣಲ್ಲಿ ನೀರು ತುಂಬಿತು. ನಾನು ತಣ್ಣೀರು ಕೊಟ್ಟೆ. ಕೂಗು ಕೇಳಿ ಭಾವ, ನನ್ನ ಗಂಡ ಇಬ್ಬರೂ ಓಡಿಬಂದು ಬಾಗಿಲಲ್ಲಿ ನಿಂತರು. ಭಾವನ ಕೈಯಲ್ಲಿ ಖಾಲಿ ತಟ್ಟೆ ಹಾಗೇ ಇತ್ತು.

"ನಾಲಿಗೆ ಸುಟ್ಕೊಂಡೆ ಕಣೋ," ಅತ್ತೆ ನೀರು ನುಂಗಿ ಹೇಳಿದರು. "ಮೇಲೆ ಅಷ್ಟೇನೂ ಬಿಸಿ ಇರ್ಲಿಲ್ಲ. ಒಳಗಡೆ ಇಷ್ಟು ಸುಡತ್ತಾ?"

ಭಾವ ನಕ್ಕರು. "ಅಯ್ಯೋ ಅಮ್ಮ, ಇಷ್ಟು ವರ್ಷ ಬೋಂಡ ಮಾಡಿದೀಯ, ಮುರಿದು ಊದಿ ತಿನ್ಬೇಕು ಅಂತ ಗೊತ್ತಿಲ್ವಾ?"

"ಹೇಗೆ ಗೊತ್ತಿರತ್ತೆ ಭಾವ?" ಅಂದೆ. ನನ್ನ ದನಿ ಏರಿತ್ತು, ಇಳಿಸುವ ಮನಸ್ಸೂ ಇರಲಿಲ್ಲ. "ನೀವು ಮುರಿದು ಊದೋದನ್ನ ಅವರು ಯಾವತ್ತು ನೋಡಿದಾರೆ? ಆರಿದ್ದನ್ನ ಹೇಗೆ ಕಚ್ತಾರೋ ಹಾಗೇ ಇದನ್ನೂ ಕಚ್ಚಿದರು. ನಿಮ್ಮ ಮೊಮ್ಮಕ್ಕಳಿಗೂ ಗೊತ್ತಿರೋದು ಇವರಿಗೆ ಗೊತ್ತಿಲ್ಲ."

ಭಾವನ ನಗು ಅಲ್ಲಿಗೇ ನಿಂತಿತು. ನನ್ನ ಗಂಡ ನೆಲ ನೋಡುತ್ತಾ ನಿಂತರು. ನನಗೆ ಅಳು ಬರುವಷ್ಟು ಕೋಪ ಬಂದಿತ್ತು. ಮನೆ ಮಂದಿಯ ಬಾಯಿ ರುಚಿಯೆಲ್ಲ ಗೊತ್ತಿದ್ದ ಹೆಂಗಸಿಗೆ ತಾನು ಕರಿದ ಬೋಂಡದ ಒಳಗಿನ ಬಿಸಿ ಗೊತ್ತಿರಲಿಲ್ಲ.

"ಅಮ್ಮ, ನಿಂಗೆ ಆರಿದ್ದೇ ಇಷ್ಟ ಅಂತ ನೀನೇ ಹೇಳ್ತಿದ್ದೆ..." ಭಾವ ಮೆಲ್ಲಗೆ ಅಂದರು.

ಅತ್ತೆ ತಟ್ಟೆಯಲ್ಲಿ ಉಳಿದಿದ್ದ ಅರ್ಧವನ್ನು ಕೈಗೆ ತೆಗೆದುಕೊಂಡರು. ಎರಡು ಚೂರು ಮಾಡಿದರು. ಒಂದನ್ನು ಊದಿದರು, ತುಟಿಗೆ ತಾಗಿಸಿ ನೋಡಿ ಮತ್ತೆ ಊದಿದರು, ಆಮೇಲೆ ಬಾಯಿಗೆ ಹಾಕಿಕೊಂಡರು. ಬಾಗಿಲಲ್ಲಿ ನಿಂತವರ ಕಡೆ ನೋಡದೆ ನಿಧಾನಕ್ಕೆ ಅಗಿದರು. ಎರಡನೇ ಚೂರನ್ನೂ ಹಾಗೇ ತಿಂದು, ಬೆರಳಿಗಂಟಿದ ಸಕ್ಕರೆ ನೆಕ್ಕಿದರು. ಅವರು ಬೆರಳು ನೆಕ್ಕಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಸ್ಟೌ ಹಚ್ಚು, ಎಣ್ಣೆ ಆರ್ತಾ ಇದೆ" ಅಂದರು ನನಗೆ. ಆಮೇಲೆ ಮಗನಿಗೆ, "ಆ ತಟ್ಟೆ ಇಲ್ಲೇ ಇಟ್ಟು ಹೋಗು."

ಆ ದಿನ ಎಲ್ಲರೂ ತಿಂದರು, ಭಾವ ಎಂದಿಗಿಂತ ಕಡಿಮೆ ತಿಂದರು. ಉಳಿದದ್ದನ್ನು ಅತ್ತೆ ಅಭ್ಯಾಸಬಲದಿಂದ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿಟ್ಟರು. ಅಷ್ಟು ಹೊತ್ತಿಗೆ ನನಗೂ ಜಗಳವಾಡಿ ಸುಸ್ತಾಗಿತ್ತು.

ಸಂಜೆ ಕಾಫಿ ತೆಗೆದುಕೊಂಡು ಹಿತ್ತಲ ಕಡೆ ಹೋದೆ. ಅತ್ತೆ ಮೆಟ್ಟಿಲ ಮೇಲೆ ಕೂತು, ಪತ್ರಿಕೆ ಪಕ್ಕಕ್ಕಿಟ್ಟು, ಡಬ್ಬಿ ತೆಗೆಯುತ್ತಿದ್ದರು. ಒಂದು ಬೋಂಡ ಎತ್ತಿಕೊಂಡರು, ಅದು ಅವರ ಬೆರಳ ನಡುವೆ ಬಾಗಿತು. ಕಚ್ಚಿದರು. ತುಂಬಾ ಹೊತ್ತು ಬಾಯಲ್ಲಿಟ್ಟುಕೊಂಡು ನುಂಗಿದರು. ಉಳಿದದ್ದನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು.

"ಚೆನ್ನಾಗಿಲ್ಲ ಕಣೇ ಇದು" ಅಂದರು.

ನಾನು ಕಾಫಿ ಅವರ ಪಕ್ಕ ಇಟ್ಟು ಒಳಗೆ ಹೋದೆ. ಪಾತ್ರೆಯ ತಳದಲ್ಲಿ ಹಿಟ್ಟು ಇತ್ತು, ಬುಟ್ಟಿಯಲ್ಲಿ ಹಣ್ಣೂ ಇತ್ತು. ಬಾಣಲೆ ಮತ್ತೆ ಇಟ್ಟೆ. ಎಣ್ಣೆಯ ವಾಸನೆ ನಡುಮನೆಗೆ ಹೋಗಿರಬೇಕು, "ಮತ್ತೆ ಯಾರು ಬಂದರು?" ಎಂದು ಗಂಡ ಅಲ್ಲಿಂದಲೇ ಕೇಳಿದರು.

"ಯಾರೂ ಬಂದಿಲ್ಲ," ಅಂದೆ. "ನಿಮ್ಮಮ್ಮನಿಗೆ."