ಗೋಡೆಯೊಳಗೊಂದು ಬಾಗಿಲು

ಮಳೆ ನಿಂತ ಬೆಳಿಗ್ಗೆ ಪಡಸಾಲೆಯ ಗೋಡೆಯಲ್ಲಿ ಆಳೆತ್ತರದ ಬಿರುಕು ಕಂಡಿತು. ಕೊಪ್ಪಳದ ಹಳೇ ಓಣಿಯಲ್ಲಿ ಅಜ್ಜ ಕಟ್ಟಿಸಿದ ಕಲ್ಲು-ಮಣ್ಣಿನ ಮನೆ. ಗೋಡೆ ಕುಸಿದೀತೆಂದು ಮಕ್ಕಳನ್ನು ಹೊರಗೆ ಕಳಿಸಿ, ಅದೇ ಗೋಡೆಗೆ ಅಂಟಿಕೊಂಡಿರುವ ಪಕ್ಕದ ಮನೆಯ ಪಾರಮ್ಮತ್ತಿಯನ್ನು ಎಚ್ಚರಿಸಲು ಓಡಿದೆ. ಅವರು ಬಂದು, ಬಿರುಕಿನ ಉದ್ದಕ್ಕೂ ಬೆರಳಾಡಿಸಿ ನಕ್ಕುಬಿಟ್ಟರು.

"ಅಂಜಬ್ಯಾಡೋ ತಮ್ಮಾ, ಗ್ವಾಡಿ ಬಿರಿದಿಲ್ಲ. ಇಲ್ಲಿ ಬಾಗಲಾ ಇತ್ತು. ನಿಜಾಮನ ಕಾಲದಾಗ ರಜಾಕಾರರು ಲೂಟಿಗೆ ಬಂದ್ರ ಹೆಣ್ಮಕ್ಳು ಓಣಿಗೆ ಇಳೀದಂಗ ಈ ಮನಿಯಿಂದ ಆ ಮನಿಗೆ ದಾಟ್ಲಿ ಅಂತ ನಿಮ್ಮಜ್ಜ, ನಮ್ಮ ಮಾವ ಕೂಡಿ ಇಟ್ಟಿದ್ರು. ಆಮ್ಯಾಲ ಮುಚ್ಚಿದ್ರು."

ಗಿಲಾವು ಕೆರೆದು ನೋಡಿದೆ. ಒಳಗೆ ಸಾಗವಾನಿಯ ಚೌಕಟ್ಟು ಗಟ್ಟಿಯಾಗಿ ನಿಂತಿತ್ತು. ಅದರ ಅಂಚಿನುದ್ದಕ್ಕಷ್ಟೇ ಗಿಲಾವು ಬಿರುಕು ಬಿಟ್ಟಿತ್ತು. ಮಕ್ಕಳನ್ನು ಒಳಗೆ ಕರೆದೆ.

ಆ ಬಿರುಕಿಗೆ ಸಿಮೆಂಟು ಮೆತ್ತಿಸಲಿಲ್ಲ. ಮುಂಜಾನೆ ಪಾರಮ್ಮತ್ತಿ ರೊಟ್ಟಿ ಬಡಿಯುವ ಸದ್ದು ಮುಚ್ಚಿದ ಆ ಬಾಗಿಲನ್ನೇ ದಾಟಿ ನಮ್ಮ ಮನೆಗೆ ಬರುತ್ತದೆ.