ಏಟಪ್ಪ ಕೇಳದ ಸದ್ದು

ಸಿನಿಮಾದಲ್ಲಿ ಕೆನ್ನೆಗೆ ಬಿದ್ದ ಏಟು ಛಟೀರೆನ್ನುತ್ತದಲ್ಲ, ಆ ಸದ್ದು ಕೆನ್ನೆಯದಲ್ಲ. ಒದ್ದೆ ಚರ್ಮವನ್ನು ಕಲ್ಲಿಗೆ ಬಡಿದು ಮೂವತ್ತು ವರ್ಷ ಅದನ್ನು ಹುಟ್ಟಿಸಿದವನು ಈತ, ಸ್ಟುಡಿಯೋದವರ ಬಾಯಲ್ಲಿ ಏಟಪ್ಪ. ಹೊಡೆದಾಟದ ಸಿನಿಮಾ ಜನರನ್ನು ಕೆಡಿಸುತ್ತದೆಂದು ಯಾರಾದರೂ ಮೂಗು ಮುರಿದರೆ, "ನನ್ನ ಏಟಿಗೆ ಒಂದು ಇರುವೆನೂ ಸತ್ತಿಲ್ಲ ಕಣ್ರೀ" ಎಂದು ನಗುತ್ತಿದ್ದ.

ಮದುವೆಯಾದ ಮಗಳು ಗಂಡನೊಂದಿಗೆ ಗೋಡೆಯಾಚೆಗಿನ ಮನೆಯಲ್ಲೇ ಇದ್ದಳು. ಒಂದು ಬೆಳಿಗ್ಗೆ ಊದಿದ ಕೆನ್ನೆ ಹೊತ್ತು ಬಂದು ಕುಳಿತಳು.

"ಎಷ್ಟು ದಿನದಿಂದಮ್ಮ?"

"ಎರಡು ವರ್ಷ."

"ಗೋಡೆಗೆ ಗೋಡೆ ಅಂಟಿದೆ. ಒಂದಿನಾನೂ ನನಗೆ ಕೇಳಿಸ್ಲಿಲ್ವಲ್ಲೇ!"

"ನಿಜವಾದ ಏಟು ದಪ್ ಅನ್ನುತ್ತೆ, ಅಷ್ಟೇ ಅಪ್ಪ. ಹಾಸಿಗೆ ಕೊಡವ್ತಿದ್ದಾಳೆ ಅಂದ್ಕೊಂಡಿರ್ತೀಯ."

ಅವನು ಹಾಗೆಯೇ ಅಂದುಕೊಂಡಿದ್ದ. ಮಗಳು ಎಷ್ಟು ಅಚ್ಚುಕಟ್ಟೆಂದು ಹೆಂಡತಿಯ ಮುಂದೆ ಹೊಗಳಿಯೂ ಇದ್ದ.

ಮರುದಿನ ಸ್ಟುಡಿಯೋದ ಪರದೆಯ ಮೇಲೆ ಗಂಡನೊಬ್ಬ ಹೆಂಡತಿಗೆ ಬಾರಿಸಿದ. ಏಟಪ್ಪ ಚರ್ಮ ಮುಟ್ಟಲಿಲ್ಲ, ಕುರ್ಚಿಯ ದಿಂಬಿಗೆ ಗುದ್ದಿದ.

"ಏನಣ್ಣ, ಕೈಯಲ್ಲಿ ಕಸುವಿಲ್ವಾ?" ನಿರ್ದೇಶಕ ರೇಗಿದ. "ಇದು ಯಾರಿಗೆ ಕೇಳಿಸುತ್ತೆ?"

"ಯಾರಿಗೂ ಕೇಳಿಸಲ್ಲ, ಸ್ವಾಮಿ" ಎಂದ ಏಟಪ್ಪ, ಮತ್ತೆ ದಿಂಬಿಗೇ ಗುದ್ದಿದ.